ಪೀರಸಾಬರ ಎಡಗೈಗೆ, ಅದು ನುಂಗಿದ ಬಚ್ಚಲುಮನೆಯ ಸಲುವಾಗಿ

ಸವಣೂರು
ಮಾರ್ಚ್ ೧೯೮೧

ಇವರಿಗೆ,
ಆಪರೇಟರ್ ಪೀರಸಾಬರ ಎಡಗೈಯವರು,
ಟೂರಿಂಗ್ ಟಾಕೀಸಿನ ತಗಡಿನ ಕ್ಯಾಬಿನ್ನು,
ಎಲೆತೋಟದ ದಾರಿ, ಸವಣೂರು.

ಮಾನ್ಯರೇ,

ಮೊದಲಿಗೆ ತಮ್ಮ ಐದೂ ಬೆರಳುಗಳಿಗೆ ನನ್ನ ನಮಸ್ಕಾರ. ಹೆಬ್ಬೆರಳಿನವರು ಹಿರಿಯರಾದ್ದರಿಂದ ಅವರಿಗೆ ಮೊದಲು, ಮಿಕ್ಕವರಿಗೆ ಸಾಲಾಗಿ, ಮತ್ತು ಯಾವುದೋ ಕಾಲದಲ್ಲಿ ಪ್ರೊಜೆಕ್ಟರಿನ ಪೆಟ್ಟಿಗೆ ಇಳಿಸುವಾಗ ಮುರಿದು, ಇಂದಿಗೂ ಉಳಿದ ನಾಲ್ವರ ಜೊತೆ ಕೂಡದೆ ಸೊಟ್ಟಗೆ ಕೆಳಗೆ ನಿಂತಿರುವ ಕಿರುಬೆರಳಿನವರಿಗೆ ವಿಶೇಷವಾಗಿ. ತಾವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಬಲಗೈಯವರ ಜೊತೆ ನನಗೆ ಯಾವ ತಕರಾರೂ ಇಲ್ಲ. ರೀಲು ಏರಿಸುವುದು, ದೀಪ ಉರಿಸುವ ಕಾರ್ಬನ್ ಕಡ್ಡಿ ಸರಿ ಮಾಡುವುದು, ಹರಿದ ರೀಲಿಗೆ ಅಂಟು ಹಚ್ಚುವುದು, ಚಹಾದ ಕಪ್ಪು ಎತ್ತುವುದು, ಎಲ್ಲ ದುಡಿಮೆಯೂ ಅವರದೇ. ತಮ್ಮದು ಒಂದೇ ಕೆಲಸ. ಆ ಒಂದು ಕೆಲಸದ ಸಲುವಾಗಿಯೇ ಈ ಪತ್ರ.

ಕೈಗೆ ಯಾರಾದರೂ ಪತ್ರ ಬರೆಯುತ್ತಾರೆಯೇ ಎಂದು ತಾವು ಕೇಳಬಹುದು. ಮಾಲಕರಾದ ಮಲ್ಲೇಶಪ್ಪನವರಿಗೆ ಬರೆದರೆ ಅವರು ಓದುವುದಿಲ್ಲ. ಪೀರಸಾಬರಿಗೆ ಬರೆದರೆ ಓದುತ್ತಾರೆ, ಆದರೆ ನನಗೆ ಬೇಕಾದ ಸಂಗತಿ ಅವರಿಗೆ ಗೊತ್ತಿಲ್ಲ. ಅದು ಗೊತ್ತಿರುವುದು ಇಡೀ ಸವಣೂರಿನಲ್ಲಿ ತಮಗೊಬ್ಬರಿಗೇ. ಹೇಗೆಂಬುದನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ. ಮುಚ್ಚಿಟ್ಟು ಬರೆಯುವ ಚಾಳಿ ನನಗಿಲ್ಲದ ಕಾರಣ ಈ ಪತ್ರವನ್ನು ಟೆಂಟಿನ ಬಾಗಿಲ ಕಂಬಕ್ಕೆ ಅಂಟಿಸುವವನಿದ್ದೇನೆ. ಪೀರಸಾಬರು ಅದರ ಮುಂದೆ ಹಾದು ಹೋಗುವಾಗ ತಾವೂ ಅವರ ಮಗ್ಗುಲಲ್ಲೇ ಇರುತ್ತೀರಷ್ಟೇ.

ನನ್ನ ಪರಿಚಯ ತಮಗೆ ಇರಲಾರದು, ಏಕೆಂದರೆ ತಾವು ಪ್ರೇಕ್ಷಕರ ಕಡೆಗೆ ಯಾವಾಗಲೂ ಬೆನ್ನು ಮಾಡಿಯೇ ನಿಂತವರು. ನನ್ನ ಹೆಸರು ಚೌಡಪ್ಪ. ತಮ್ಮ ಟಾಕೀಸಿನ ಬೋರ್ಡು ಕಟ್ಟಿದ ಚಕ್ಕಡಿಯಲ್ಲಿ ಕುಳಿತು ತಗಡಿನ ತುತ್ತೂರಿಯಲ್ಲಿ ಸುತ್ತಲಿನ ಹಳ್ಳಿಗಳಿಗೆಲ್ಲ ಚಿತ್ರದ ಸುದ್ದಿ ಒದರುವವನು ನಾನು. ನನ್ನ ಮಗ್ಗುಲಲ್ಲಿ ಕುಳಿತು ಮೊಹರಮ್ಮಿನ ತಾಸೆ ಬಾರಿಸುವವನು ಗೌಸಸಾಬ, ನಮ್ಮ ಓಣಿಯವನು, ನಡೆಯಲು ಕಲಿತಂದಿನಿಂದ ನನ್ನ ದೋಸ್ತ. ಎಂಟನೆಯ ಇಯತ್ತೆಯಲ್ಲಿ ಇನ್‌ಸ್ಪೆಕ್ಟರ್ ಸಾಹೇಬರು ಬಂದು "ನಿಮ್ಮ ಗುರುಗಳು ಚಲೋ ಕಲಿಸ್ತಾರೇನಪಾ?" ಎಂದು ಕೇಳಿದರು. ಕೇಳಿದ್ದಕ್ಕೆ ನಾನು ಉತ್ತರ ಹೇಳಿದೆ. ಆಮೇಲೆ ಶಾಲೆಗೂ ನನಗೂ ಸಂಬಂಧ ಉಳಿಯಲಿಲ್ಲ. ಗೌಸನನ್ನು ಯಾರೂ ಏನೂ ಕೇಳಿರಲಿಲ್ಲ, ಅವನು ನನ್ನ ಹಿಂದೆಯೇ ಪಾಟಿಚೀಲ ಹೆಗಲಿಗೇರಿಸಿಕೊಂಡು ಹೊರಗೆ ಬಂದ. "ನೀ ಇಲ್ಲಂದ ಮ್ಯಾಲೆ ನಾ ಒಬ್ಬನ ಒಳಗ ಕುಂತು ಏನ್ ಕಿಸೀಲಿ?" ಎಂದ. ಇದನ್ನು ತಾವು ನೆನಪಿನಲ್ಲಿಡಬೇಕಾಗಿ ವಿನಂತಿ, ಮುಂದೆ ಬೇಕಾಗುತ್ತದೆ.

ಈಗ ಚಿತ್ರದ ಬಗ್ಗೆ. 'ಹುಂಬ ಜೋಡಿ' ತಮ್ಮ ಮೈಮೇಲೆ ದಿನಾಲೂ ಬಿದ್ದಿದೆಯಾದರೂ ಅದು ಎಂಥ ಚಿತ್ರವೆಂದು ಯಾರೂ ತಮಗೆ ಹೇಳಿರಲಾರರು. ಹಲ್ಕಟ್ ಚಿತ್ರವೆಂದು ಊರ ಹಿರಿಯರು ಹೇಳುತ್ತಾರೆ. ಅವರು ಹೇಳುವುದು ನಿಜ. ಆದರೆ ಅದು ಚಂದದ ಚಿತ್ರ, ಇದೂ ನಿಜ. ಒಬ್ಬ ಲಾರಿ ಡ್ರೈವರ್ ಭೀಮು, ಜೋಳದ ಚೀಲಕ್ಕೆ ಮೀಸೆ ಬರೆದ ಹಾಗೆ ಇದ್ದಾನೆ. ಅವನ ಕ್ಲೀನರ್ ಪುಟ್ಟು, ಆ ಚೀಲ ಹೊಲಿಯುವ ದಬ್ಬಣದ ಹಾಗೆ. ಇಬ್ಬರಿಗೂ ಮನೆಯಿಲ್ಲ, ಮಾನವಿಲ್ಲ, ಇಬ್ಬರ ನಡುವೆ ಒಂದೇ ಕಂಬಳಿ. ದಾರಿಯಲ್ಲಿ ಕಂಡ ಹೆಂಗಸರಿಗೆಲ್ಲ ಕಣ್ಣು ಹೊಡೆಯುತ್ತಾರೆ ಮತ್ತು ಪ್ರತಿಯೊಬ್ಬಳಿಂದಲೂ ಏಟು ತಿನ್ನುತ್ತಾರೆ. ಬೆಲ್ಲ ಮಾರುವವಳು ಪುಟ್ಟುವಿನ ತಲೆಗೆ ಬೆಲ್ಲದ ಪೆಂಟೆಯಿಂದಲೇ ಹೊಡೆದಾಗ ಅವನು ಚೂರುಗಳನ್ನು ಆರಿಸಿ ಬಾಯಿಗೆ ಹಾಕಿಕೊಂಡು "ಅಕ್ಕಾ, ಇನ್ನೊಂದು ಸಲ ಹೊಡೀರಿ" ಎಂದು ಕೈಮುಗಿಯುವುದನ್ನು ನೋಡಿ ನಾನು ಮುಂದಿನವರ ಬೆನ್ನಿನ ಮೇಲೆ ಬಿದ್ದಿದ್ದೇನೆ. ಬೇರೆ ಚಿತ್ರಗಳಲ್ಲಿ ನಾಯಕನು ಹೆಂಗಸರನ್ನು ಕಾಪಾಡಿ ಆಮೇಲೆ ಬುದ್ಧಿ ಹೇಳುತ್ತಾನೆ. ಇಲ್ಲಿ ಈ ಇಬ್ಬರನ್ನು ಪ್ರತಿಸಲವೂ ಕಾಪಾಡುವವರು ಹೆಂಗಸರು, ಬುದ್ಧಿ ಮಾತ್ರ ಯಾರಿಗೂ ಬರುವುದಿಲ್ಲ. ಹಾರ್ನು ಮತ್ತು ಹೆಡ್‌ಲೈಟಿನ ಮೇಲೆ ಒಂದು ಹಾಡಿದೆ, ಅದರ ಅರ್ಥವನ್ನು ಕಂಬಕ್ಕೆ ಅಂಟಿಸುವ ಪತ್ರದಲ್ಲಿ ಬರೆಯುವಂತಿಲ್ಲ. ಜೀವಮಾನದಲ್ಲಿ ಲಾರಿ ಹತ್ತದ ನನ್ನ ಅವ್ವ ಉಡಚವ್ವ ತೋಟದಲ್ಲಿ ವೀಳ್ಯದೆಲೆ ಆರಿಸುತ್ತ ಅದನ್ನು ಗುನುಗುತ್ತಾಳೆ.

ಬಡಿದಾಟವನ್ನು ಕೇಳಲೇಬೇಡಿ. ಬ್ರೇಕು ಹೋದ ಲಾರಿ ಘಟ್ಟ ಇಳಿಯುವಾಗ ಭೀಮು ಕೈಯಲ್ಲೇ ಕಿತ್ತು ಬಂದ ಸ್ಟೇರಿಂಗನ್ನು ಪುಟ್ಟುವಿಗೆ ಕೊಟ್ಟು "ಇದನ್ನ ಹಿಡ್ಕೊಂಡಿರು" ಎನ್ನುತ್ತಾನೆ, ಪುಟ್ಟು ಅದನ್ನು ಭಕ್ತಿಯಿಂದ ಹಿಡಿದು ಕೂಡುತ್ತಾನೆ. ಕಳ್ಳಸಾಗಣೆಯವರನ್ನು ಮೆಣಸಿನಪುಡಿಯಿಂದ ಕುರುಡು ಮಾಡಲು ಹೋಗಿ ಗಾಳಿ ತಿರುಗಿ ತಾವೇ ಕುರುಡಾಗುತ್ತಾರೆ, ಆ ಕುರುಡಿನಲ್ಲೇ ಎಲ್ಲರನ್ನೂ ಬಡಿಯುತ್ತಾರೆ. ಇಡೀ ಚಿತ್ರದಲ್ಲಿ ಒಬ್ಬನು ಇನ್ನೊಬ್ಬನಿಗೆ ಒಂದೇ ಒಂದು ಒಳ್ಳೆಯ ಮಾತು ಆಡುವುದಿಲ್ಲ. ಆದರೆ ಪೊಲೀಸರು ಪುಟ್ಟುವನ್ನು ಎಳೆದು ಒಯ್ದಾಗ, ಹೊರಗೆ ಉಳಿದ ಭೀಮು ನೆಟ್ಟಗೆ ನಡೆದುಹೋಗಿ ಫೌಜದಾರನ ಕೆನ್ನೆಗೆ ಒಂದು ಬಾರಿಸಿ, ತಾನೂ ಅದೇ ಲಾಕಪ್ಪಿಗೆ ಬಂದು, ಪುಟ್ಟುವಿನ ಮಗ್ಗುಲಲ್ಲಿ ಕುಳಿತು, "ಆಚೆ ಸರಿಯೋ, ಜಾಗ ಎಲ್ಲಾ ನೀನೇ ತಿಂದಿದೀಯ" ಎನ್ನುತ್ತಾನೆ. ಅಲ್ಲಿ ನನ್ನ ಕಣ್ಣಿಗೆ ನೀರು ಬಂದಿತು. ಗೌಸನ ಕಡೆ ನೋಡಿದೆ. ಅವನು ಖಾರದ ಪೊಟ್ಟಣದಲ್ಲಿ ಏನೋ ಹುಡುಕುತ್ತಿದ್ದ. ಪೊಟ್ಟಣ ಆಗಲೇ ಖಾಲಿಯಾಗಿತ್ತು.

ಇಂಥ ಚಿತ್ರಕ್ಕೆ ತಾವು ಸಲ್ಲಿಸಿದ ಸೇವೆ ದೊಡ್ಡದು. ಟೆಂಟಿಗೆ ಜಾಗ ಕೊಡುವಾಗ ಊರ ಹಿರಿಯರು "ಹೆಂಗಸರು ಬರ್ತಾರ, ಹಲ್ಕಟ್ ಏನೂ ಕಾಣಬಾರದು" ಎಂದು ಕರಾರು ಮಾಡಿದರು. ರೀಲು ಹುಬ್ಬಳ್ಳಿಯವರಿಂದ ಬಾಡಿಗೆಗೆ ತಂದದ್ದಾದ್ದರಿಂದ ಕತ್ತರಿಸುವ ಹಾಗಿರಲಿಲ್ಲ. ಆಗ ಮಲ್ಲೇಶಪ್ಪನವರಿಗೆ ತಾವು ನೆನಪಾದಿರಿ. ಅಂದಿನಿಂದ ಪ್ರೊಜೆಕ್ಟರಿನ ಎಡಕ್ಕೆ ನಿಂತ ಪೀರಸಾಬರ ಹೆಗಲಿನಿಂದ ತಾವು ಏಳುತ್ತೀರಿ, ಬೆಳಕಿಗೆ ಅಡ್ಡ ನಿಲ್ಲುತ್ತೀರಿ, ಟೆಂಟು ಕತ್ತಲಾಗುತ್ತದೆ, ನಾಡಿನ ಮರ್ಯಾದೆ ಉಳಿಯುತ್ತದೆ. ಖಳನಾಯಕನು ಮುದುಕನ ತಲೆಯನ್ನು ಕಲ್ಲಿಗೆ ಕುಟ್ಟುವಾಗ ತಾವು ಪೀರಸಾಬರ ಮೊಣಕಾಲಿನ ಮೇಲೆ ಆರಾಮವಾಗಿದ್ದಿರಿ. ಒಬ್ಬನ ಹೊಟ್ಟೆಗೆ ಚೂರಿ ಇಳಿಯುವಾಗಲೂ ತಾವು ಏಳಲಿಲ್ಲ. ಕಂಬಕ್ಕೆ ಕಟ್ಟಿ ಚಾಟಿಯಿಂದ ಹೊಡೆಯುವ ದೃಶ್ಯವನ್ನು ತೊಟ್ಟಿಲಿನ ಕೂಸುಗಳೂ ಪೂರ್ತಿಯಾಗಿ ನೋಡಿದವು. ಆದರೆ ಭೀಮುವಿನ ಧೋತರದ ಗಂಟು ಸಡಿಲವಾಯಿತೋ, ತಾವು ಎದ್ದಿರಿ. ಒಂದು ದಿನವಂತೂ ಕೆರೆಯಲ್ಲಿ ಎಮ್ಮೆ ಮೈ ತೊಳೆಸಿಕೊಳ್ಳುವಾಗಲೂ ಎದ್ದಿರಿ. ಆ ಎಮ್ಮೆಯ ಮಾನ ಉಳಿದದ್ದಕ್ಕೆ ಅದರ ಪರವಾಗಿ ಕೃತಜ್ಞತೆಗಳು.

ಇನ್ನೊಂದು ಉಪಕಾರವನ್ನೂ ಹೇಳಬೇಕು. ತಾವು ಚಿತ್ರವನ್ನು ಮುಚ್ಚುತ್ತೀರಿ, ಸಪ್ಪಳವನ್ನು ಮುಚ್ಚಲಾರಿರಿ. ಕತ್ತಲಲ್ಲಿ ನೀರಿನ ಸಪ್ಪಳ, ಬಳೆಯ ಸಪ್ಪಳ, "ಅಯ್ಯಯ್ಯೋ" ಎಂಬ ಸಪ್ಪಳ ಕೇಳುತ್ತ ಕುಳಿತ ಗಂಡಸರು ತಲೆಗೊಂದು ಚಿತ್ರ ತೆಗೆಯುತ್ತಾರೆ. ಚಿತ್ರ ಮಾಡಿದವರಿಗೆ ಇದ್ದ ಕೆಟ್ಟ ಬುದ್ಧಿ ಎಷ್ಟೆಂದರೂ ಒಬ್ಬಿಬ್ಬರದು. ತಾವು ಎದ್ದ ಮೇಲೆ ಅದಕ್ಕೆ ಇಡೀ ಸವಣೂರಿನದು ಕೂಡಿತು. ಎಲೆಪೇಟೆಯ ಒಬ್ಬ ಗೌರವಸ್ಥರು, ಕತ್ತಲಲ್ಲಿ ಅವರಿಗೆ ಕಂಡದ್ದನ್ನು ನನಗೆ ಹೇಳಿದರು. ಅಷ್ಟನ್ನು ತೋರಿಸುವ ಧೈರ್ಯ ಯಾವ ಡೈರೆಕ್ಟರಿಗೂ ಇರಲಾರದು.

ಹೆಂಗಸರು ಮಾತ್ರ ತಮ್ಮ ಉಪಕಾರವನ್ನು ಮನಸ್ಸಿನಿಂದ ಮೆಚ್ಚಿದ್ದಾರೆ. ಟೆಂಟಿನ ಬಲಗಡೆ ಅವರ ಜಾಗ, ನಡುವೆ ಪರದೆಯ ಬುಡದವರೆಗೂ ಕಟ್ಟಿದ ಕರಿ ತಾಡಪತ್ರಿಯ ಮರೆ, ಆಚೆಗೆ ಒಂದು ಕಂದೀಲು. ತಾವು ಎದ್ದು ಕತ್ತಲಾದೊಡನೆ ಆ ಕಡೆಯಿಂದ ಎಂಥ ನಗು ಕೇಳುತ್ತದೆಂದರೆ, ಮರ್ಯಾದೆ ಉಳಿದ ಸಂತೋಷ ಇಷ್ಟು ದೊಡ್ಡದಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಇದೇ ಚಿತ್ರಕ್ಕೆ ಅವರು ಮತ್ತೆ ಮತ್ತೆ ಬರುತ್ತಾರೆ. "ಹಾಡು ಚಲೋ ಅದಾವು" ಎನ್ನುತ್ತಾರೆ. ಪರದೆಯ ಬಲ ಮೂಲೆಗೆ ಹತ್ತಿರದ ಜಾಗಕ್ಕಾಗಿ ಮೊನ್ನೆ ನಮ್ಮ ಓಣಿಯ ಅಡಿವೆವ್ವ ಇನ್ನೊಬ್ಬಾಕೆಯ ಹೆರಳು ಹಿಡಿದು ಜಗ್ಗಿದಳಂತೆ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆಂದು ನನ್ನ ತಿಳಿವಳಿಕೆ.

ಸುಳ್ಳು ಹೇಳದೆ ತಮ್ಮ ಪ್ರಚಾರವನ್ನೂ ನಾನೇ ಮಾಡಿದ್ದೇನೆ. "ಮನೆಮಂದಿ ಕೂಡಿ ನೋಡುವ ಸಾಂಸಾರಿಕ ಚಿತ್ರ ಅಂತ ಒದರು" ಎಂದು ಮಾಲಕರು ಹೇಳಿಕೊಟ್ಟಿದ್ದರು. ಚಿತ್ರ ನೋಡಿದ ಮೇಲೆ ನನ್ನ ಬಾಯಿಗೆ ಅದು ಬರಲಿಲ್ಲ. "ಇದು ಸಾಂಸಾರಿಕ ಅಲ್ಲರೀ! ಇದರಾಗ ಇಬ್ಬರು ಹುಂಬರು ಅದಾರ, ಒಬ್ಬರಿಗೂ ಸಂಸಾರ ಇಲ್ಲ! ಒದೀತಾರ, ಬೀಳ್ತಾರ, ಧೋತರ ಕಳಕೋತಾರ! ಆದ್ರ ಧೋತರ ಕಳಿಯೂ ಮುಂದ ಪೀರಸಾಬರ ಕೈ ಅಡ್ಡ ಬರತೈತಿ, ಮೊದಲ ಹೇಳೇನಿ, ಆಮ್ಯಾಲ ನನ್ನ ಬೈಬ್ಯಾಡ್ರಿ!" ಎಂದು ಒದರಿದೆ. ಗೌಸ ತಾಸೆಗೆ ಎರಡು ಬಿಗಿದ. ಮಾಲಕರು ಸೈಕಲ್ಲಿನ ಮೇಲೆ ಬೆನ್ನಟ್ಟಿ ಬಂದು "ನನ್ನ ಮುಳುಗಸಾಕ ಹುಟ್ಟೀಯೇನಲೇ?" ಎಂದು ಬೈದರು. ಅಂದು ಸಂಜೆ ಟೆಂಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮರುದಿನ ಅವರೇ ಬಂದು, "ಹಂಗ ಒದರು. ಕೈ ಬರತೈತಿ ಅನ್ನೂದನ್ನ ಸ್ವಲ್ಪ ಜೋರಾಗಿ ಒದರು" ಎಂದರು.

ಇಷ್ಟೆಲ್ಲ ಹೊಗಳಿದ ಮೇಲೆ ನನ್ನ ದೂರನ್ನು ಹೇಳುವ ಹಕ್ಕು ನನಗೆ ಬಂದಿದೆಯೆಂದು ಭಾವಿಸುತ್ತೇನೆ. ಅದು ಬಚ್ಚಲುಮನೆಯ ದೂರು. ಚಿತ್ರದ ಕೊನೆಯ ಹೊತ್ತಿಗೆ ಭೀಮುವಿಗೆ ಪುಟ್ಟುವಿನ ಮೇಲೆ ಸಂಶಯ ಬರುತ್ತದೆ. ಲಾರಿಯನ್ನು ಇವನೇ ಕಳ್ಳರಿಗೆ ಮಾರಿದ ಎಂದುಕೊಳ್ಳುತ್ತಾನೆ. ಪುಟ್ಟು ಮಾರಿಲ್ಲ, ಅದು ನಮಗೆಲ್ಲ ಗೊತ್ತು. ಅರಳೆ ಹೇರಿದ ಲಾರಿಯ ಮೇಲೆ ಇಬ್ಬರೂ ಬಡಿದಾಡುತ್ತಾರೆ, ಉರುಳಿ ಬೀಳುತ್ತಾರೆ, ಒಬ್ಬರನ್ನೊಬ್ಬರು ಅಟ್ಟಿಕೊಂಡು ಒಬ್ಬ ಸಾಹುಕಾರನ ಮನೆಗೆ, ಅಲ್ಲಿಂದ ಹೆಂಗಸರು ಜಳಕ ಮಾಡುವ ಬಚ್ಚಲುಮನೆಗೆ ನುಗ್ಗುತ್ತಾರೆ. ಅಲ್ಲಿ ತಾವು ಎದ್ದಿರಿ. ಕತ್ತಲಲ್ಲಿ ಹೆಂಗಸರ ಚೀರಾಟ, ನೀರು ಚೆಲ್ಲಿದ ಸಪ್ಪಳ, ಹಂಡೆಗೆ ಏನೋ ಬಡಿದ ಸಪ್ಪಳ, "ಬಿಡೋ" ಎಂದು ಒಬ್ಬ, "ನೀನು ಮೊದಲು ಬಿಡೋ" ಎಂದು ಇನ್ನೊಬ್ಬ. ಬಹಳ ಹೊತ್ತಿನ ಮೇಲೆ ತಾವು ಇಳಿದಿರಿ. ನೋಡಿದರೆ ಭೀಮು ಲಂಗದಲ್ಲಿ, ಪುಟ್ಟು ಪಂಚೆ ಸುತ್ತಿಕೊಂಡು, ಒಬ್ಬರ ಹೆಗಲಿನ ಮೇಲೆ ಒಬ್ಬರು ಕೈ ಹಾಕಿ ನಗುತ್ತ ಅಂಗಳದಲ್ಲಿ ನಿಂತಿದ್ದಾರೆ! ಜಗಳ ಹೇಗೆ ಮುಗಿಯಿತು? ಮೊದಲು ತಪ್ಪಾಯಿತು ಎಂದವನು ಯಾರು? ಚಿತ್ರದಲ್ಲಿ ಮುಂದೆ ಎಲ್ಲಿಯೂ ಅದರ ಮಾತಿಲ್ಲ.

ಮರುದಿನ ಚಕ್ಕಡಿಯಲ್ಲಿ ಹೋಗುವಾಗ ನಾನು ಗೌಸನಿಗೆ ಹೇಳಿದೆ. "ತಪ್ಪು ಡ್ರೈವರಂದು. ಸುಳ್ಳ ಸಂಶಯ ಮಾಡಿದ. ಅವನ ಮೊದಲ ತಪ್ಪಾತು ಅಂದಿರತಾನ."

"ಇಲ್ಲಲೇ ಚೌಡ್ಯಾ, ಕ್ಲೀನರ್ ಅಂದಿರತಾನ," ಎಂದ ಅವನು. "ತಪ್ಪು ಯಾರದರ ಇರಲಿ. ದೋಸ್ತಿ ಯಾರಿಗೆ ಬೇಕಾಗಿರತೈತಿ ಅವ ಮೊದಲ ಬಾಯಿ ಬಿಡತಾನ."

"ತಪ್ಪ ಮಾಡದವ ತಪ್ಪಾತು ಅಂದ್ರ ಅದು ಸುಳ್ಳಾಕ್ಕೈತಿ."

"ನಿನಗ ಖರೇ ಒಂದ ಇದ್ರ ಸಾಕು, ದೋಸ್ತ ಯಾಕ ಬೇಕು? ಶಾಲಿ ಬಿಟ್ಟು ನಿನ್ನ ಹಿಂದ ಬಂದೆ, ನಾ ಏನ್ ತಪ್ಪ ಮಾಡಿದ್ನೇನು?"

ಅಲ್ಲಿಗೆ ನಾನು ಸುಮ್ಮನಾಗಬೇಕಿತ್ತು. ಆದರೆ ಖರೇ ಮಾತಿನ ಸುದ್ದಿ ತೆಗೆದವನು ಅವನೇ. "ಖರೇ ಕೇಳ್ತಿಯೇನು? ಹಂಗಾರ ಕೇಳು. ನಿನ್ನ ತಾಸೆ ಯಾವತ್ತೂ ಒಂದು ಪೆಟ್ಟು ಹಿಂದ ಬರತೈತಿ," ಎಂದೆ.

ಗೌಸ ತಾಸೆಯನ್ನು ಮೆಲ್ಲಗೆ ಚಕ್ಕಡಿಯಲ್ಲಿಟ್ಟು ಇಳಿದು ನಡೆದುಹೋದ. ಮರುದಿನ ಬಂದ, ನನ್ನ ಬೆನ್ನಿಗೆ ಬೆನ್ನು ಮಾಡಿ ಕುಳಿತ. ಅಂದಿನಿಂದ ನಮ್ಮ ನಡುವೆ ಮಾತಿಲ್ಲ, ಮತ್ತು ಮಾನ್ಯರೇ, ಅಂದಿನಿಂದ ಅವನ ತಾಸೆ ಒಂದೇ ಒಂದು ಪೆಟ್ಟು ತಪ್ಪುವುದಿಲ್ಲ. ಗಡಿಯಾರದ ಹಾಗೆ ಬಾರಿಸುತ್ತಾನೆ. ಇದಕ್ಕಿಂತ ದೊಡ್ಡ ಸಿಟ್ಟನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಬರುವ ಸೋಮವಾರ ಟೆಂಟು ಕಿತ್ತು ಶಿಗ್ಗಾಂವಕ್ಕೆ ಹೋಗುತ್ತದೆ, ಆಮೇಲೆ ಹಾನಗಲ್ಲಿಗೆ, ಆಮೇಲೆ ಹಿರೇಕೆರೂರಿಗೆ. ಗೌಸ ಚಕ್ಕಡಿಗೆ ಬರುವುದಿಲ್ಲವಂತೆ. ಶಿಗ್ಗಾಂವದ ಹೆದ್ದಾರಿಯಲ್ಲಿ ಪುಣೆಯ ಲಾರಿಯೊಂದಕ್ಕೆ ಮಾತಾಡಿ ಬಂದಿದ್ದಾನೆಂದು ಅವನ ಅವ್ವ ರಹಿಮಾಬಿ ನಮ್ಮ ಮನೆಗೆ ಬಂದು ಕಣ್ಣೊರೆಸಿಕೊಂಡರು. ಯಾವನೋ ಗುರುತಿಲ್ಲದ ಡ್ರೈವರನಿಗೆ ನನ್ನ ಗೌಸ ಕ್ಲೀನರ್ ಆಗಿ ಹೋಗುತ್ತಾನೆ.

ತಪ್ಪಾಯಿತು ಎಂದುಬಿಡು, ಮುಗಿದುಹೋಗುತ್ತದೆ ಎಂದು ತಾವು ಹೇಳಬಹುದು. ತಾಸೆ ಹಿಂದೆ ಬೀಳುತ್ತಿದ್ದದ್ದು ನಿಜ. ನಿಜ ಹೇಳಿದ್ದಕ್ಕೆ ತಪ್ಪಾಯಿತು ಎನ್ನಲು ನನಗೆ ಬರುವುದಿಲ್ಲ, ಬಂದಿದ್ದರೆ ಈ ಹೊತ್ತಿಗೆ ಮ್ಯಾಟ್ರಿಕ್ ಆಗಿರುತ್ತಿದ್ದೆ. ಅವನಿಗೂ ಹಟವಿದೆ. ಉಳಿದದ್ದು ಒಂದೇ ದಾರಿ. ಆ ಬಚ್ಚಲುಮನೆಯಲ್ಲಿ ನಡೆದದ್ದು ಏನೆಂದು ತಿಳಿದರೆ ನಮ್ಮಿಬ್ಬರಲ್ಲಿ ಸೋತವನು ಯಾರೆಂದು ತಿಳಿಯುತ್ತದೆ, ಸೋತವನು ಮಾತಾಡಬಹುದು. ಅದಕ್ಕೆಂದೇ ನಾನು ಕ್ಯಾಬಿನ್ನಿಗೆ ಹೋಗಿ ಪೀರಸಾಬರ ಮುಂದೆ ನಿಂತು ಕೇಳಿದೆ. ಅವರು ಗಡ್ಡ ನೀವಿಕೊಂಡು ಹೇಳಿದ ಮಾತು ಇದು. "ತಮ್ಮಾ, ಕೈ ಎತ್ತಿದಾಗ ನಾ ಕಣ್ಣ ಮುಚ್ಚತೇನಿ. ಊರ ಮಂದಿಗೆ ಬ್ಯಾಡ ಅಂದಿದ್ದನ್ನ ನಾ ಒಬ್ಬನ ನೋಡಿದ್ರ ಕಳುವಾಗೂದಿಲ್ಲೇನು? ನೀರಿನ ಸಪ್ಪಳ ಕೇಳಿ ಎತ್ತತೇನಿ, ಸಪ್ಪಳ ನಿಂತಾಗ ಇಳಸತೇನಿ. ಅಷ್ಟ."

ಎಮ್ಮೆಯ ಪ್ರಕರಣ ನನಗೆ ಆಗ ಅರ್ಥವಾಯಿತು. ಇನ್ನೊಂದು ಸಂಗತಿಯೂ ಅರ್ಥವಾಯಿತು. ಆ ಬೆಳಕು ಪರದೆಯನ್ನು ಮುಟ್ಟಲಿಲ್ಲ, ಪೀರಸಾಬರ ಕಣ್ಣನ್ನೂ ಮುಟ್ಟಲಿಲ್ಲ. ಅದು ಬಿದ್ದದ್ದು ತಮ್ಮ ಮೇಲೆ. ಬಚ್ಚಲುಮನೆಯ ಚಿತ್ರ ಪೂರ್ತಿಯಾಗಿ, ಬಣ್ಣಬಣ್ಣವಾಗಿ, ದಿನಾಲೂ ತಮ್ಮ ಅಂಗೈಯಲ್ಲಿ ಓಡಿದೆ. ಭೀಮು ತಮ್ಮ ಹೆಬ್ಬೆರಳಿನ ದಿನ್ನೆಯ ಮೇಲೆ ಜಾರಿದ್ದಾನೆ, ಪುಟ್ಟು ತಮ್ಮ ಆಯುಷ್ಯದ ಗೆರೆಯಲ್ಲಿ ಅಡಗಿದ್ದಾನೆ. ಸವಣೂರಿನಲ್ಲಿ ಈ ಚಿತ್ರವನ್ನು ಪೂರಾ ನೋಡಿದವರು ಯಾರಾದರೂ ಇದ್ದರೆ ಅದು ತಾವು, ಯಾರೂ ನೋಡಬಾರದೆಂದು ನೇಮಕವಾದ ತಾವು.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹವೇನೆಂದರೆ, ಭಾನುವಾರ ಸಂಜೆಯ ಕೊನೆಯ ಆಟದಲ್ಲಿ ತಾವು ಜ್ವರವೆಂದೋ ಉಳುಕೆಂದೋ ರಜೆ ಹಾಕಬೇಕು. ಕರ್ತವ್ಯನಿಷ್ಠೆ ಅದಕ್ಕೆ ಒಪ್ಪದಿದ್ದರೆ ತಮ್ಮ ಬೆರಳುಗಳ ನಡುವೆ ಒಂದು ಗೋಧಿಕಾಳು ಹಾಯುವಷ್ಟು ಸಂದು ಬಿಟ್ಟು ನಿಲ್ಲಬೇಕು. ಎಲ್ಲರಿಗೂ ಬೇಡ, ನನಗೂ ಗೌಸನಿಗೂ ಕಂಡರೆ ಸಾಕು. ಅದೂ ಆಗದಿದ್ದರೆ ತಾವು ಪೀರಸಾಬರಿಂದ ಅರ್ಧ ದಿನದ ಮಟ್ಟಿಗೆ ಬಿಡುಗಡೆ ಪಡೆದು ನಮ್ಮ ಓಣಿಗೆ ಬರಬೇಕು. ಹಸ್ತರೇಖೆ ನೋಡುವವರನ್ನು ಕರೆಸಿರುತ್ತೇನೆ, ಅವರು ತಮ್ಮ ಮೇಲೆ ಮುಂದೆ ಆಗುವುದನ್ನು ಓದುವ ಬದಲು ಆಗಿಹೋದದ್ದನ್ನು ಓದಲಿ. ಇದ್ಯಾವುದೂ ಸಾಧ್ಯವಿಲ್ಲವಾದರೆ, ಸೋಮವಾರ ಪುಣೆಯ ಲಾರಿ ಹೊರಡುವಾಗ ತಾವೇ ಹೋಗಿ ಅದರ ಎದುರಿಗೆ ಅಡ್ಡ ನಿಲ್ಲಿರಿ. ಅಡ್ಡ ನಿಲ್ಲುವುದರಲ್ಲಿ ತಮ್ಮಷ್ಟು ಅನುಭವ ಈ ಸೀಮೆಯಲ್ಲಿ ಇನ್ನಾರಿಗೂ ಇಲ್ಲ.

ತಮ್ಮ ಉತ್ತರಕ್ಕಾಗಿ ಟೆಂಟಿನ ಹೊರಗೆ ಕಾಯುತ್ತಿರುವ, ಕತ್ತಲಲ್ಲಿ ಏನು ನಡೆಯಿತೆಂದು ತಿಳಿಯುವವರೆಗೂ ಬೆಳಕಿನಲ್ಲಿ ಮುಖ ತೋರಿಸಲಾರದ,

ತಮ್ಮ ವಿಶ್ವಾಸಿ,
ಚೌಡಪ್ಪ
(ಚಕ್ಕಡಿಯ ಮೇಲೆ ಒದರುವವನು)

ತಾ.ಕ.: ಮೇಲಿನದನ್ನು ಬರೆದು ಮುಗಿಸಿದಾಗ ನನ್ನ ಅವ್ವ ಎಲೆ ಆರಿಸುತ್ತ "ಮುಂಜಾನಿಂದ ಏನಲೇ ಅದು ಬರ್ಯಾಕತ್ತೀದಿ?" ಎಂದು ಕೇಳಿದಳು. ಕೇಳಿದ ಮೇಲೆ ಓದಿ ಹೇಳಿದೆ. ಬಚ್ಚಲುಮನೆಗೆ ಬರುವಷ್ಟರಲ್ಲಿ ಅವಳ ಉಡಿಯೊಳಗಿನ ಎಲೆಗಳೆಲ್ಲ ನೆಲಕ್ಕೆ ಚೆಲ್ಲಿದ್ದವು. "ಅಯ್ಯ ಖೋಡಿ, ಇದರ ಸಲುವಾಗಿ ಮಾತ ಬಿಟ್ಟೀರೇನು? ಅವರಾಗ ಯಾವನೂ ತಪ್ಪಾತು ಅಂದಿಲ್ಲೋ!" ಎಂದಳು. ನಿನಗೆ ಹೇಗೆ ಗೊತ್ತು ಎಂದೆ. "ನೋಡೇನಿ," ಎಂದಳು.

ಮಾನ್ಯರೇ, ತಮ್ಮ ಸೊಟ್ಟ ಕಿರುಬೆರಳಿನವರಿಗೆ ಮೊದಲಲ್ಲೇ ನಾನು ವಿಶೇಷ ನಮಸ್ಕಾರ ಹೇಳಿದ್ದು ಸುಮ್ಮನೆ ಹೋಗಲಿಲ್ಲ. ಅವರಿಗೂ ಉಂಗುರದ ಬೆರಳಿನವರಿಗೂ ನಡುವಿನ ಸಂದಿನಿಂದ ಬೆಳಕು ಹಾಯ್ದು ಪರದೆಯ ಬಲ ಮೂಲೆಯ ಬುಡಕ್ಕೆ ಬೀಳುತ್ತದಂತೆ. ತಾಡಪತ್ರಿಯ ಈಚೆಗೆ ಕುಳಿತ ನಾವು ಅದನ್ನು ಕಂದೀಲಿನ ಬೆಳಕೆಂದು ತಿಳಿದಿದ್ದೆವು. ಅಡಿವೆವ್ವ ಹೆರಳು ಜಗ್ಗಿದ್ದು ಗಾಳಿಗಾಗಿ ಅಲ್ಲ. ತಾವು ಯಾರಿಗೆ ಕಾಣಬಾರದೆಂದು ಎದ್ದಿರೋ ಅವರಿಗೆ ಮಾತ್ರ, ಬಚ್ಚಲಿನ ಹಂಡೆ ಇದ್ದ ಆ ಮೂಲೆಯಲ್ಲಿ, ಎಲ್ಲವೂ ಕಂಡಿದೆ. ಹಿರಿಯರ ಕರಾರು ಈ ರೀತಿಯಾಗಿ ಪಾಲನೆಯಾಗಿದೆ.

ಅವ್ವ ಅಷ್ಟಕ್ಕೇ ಬಿಡಲಿಲ್ಲ. "ರಹಿಮಾ, ನಿನ್ನ ಮಗನ್ನ ಕಿವಿ ಹಿಡದು ಎಳಕೊಂಡು ಬಾ!" ಎಂದು ಓಣಿಗೇ ಕೇಳುವಂತೆ ಕೂಗಿದಳು. ಗೌಸ ಬಂದು ನನ್ನ ಕಡೆ ಬೆನ್ನು ಮಾಡಿ ನಿಂತ. "ಇವಗ ಬಚ್ಚಲದ್ದು ತೋರಿಸಬೇಕಂತ ಉಡಚಕ್ಕಾ?" ಎಂದು ರಹಿಮಾಬಿ ಬುರ್ಖಾ ತೆಗೆದು ಗೂಟಕ್ಕೆ ಹಾಕಿ ಸೆರಗು ಸಿಕ್ಕಿಸಿದರು. ಎಲೆಯ ಬುಟ್ಟಿ ಹಂಡೆಯಾಯಿತು. "ಇಬ್ಬರೂ ಜಗಳಾಡಕೋತ ಬಂದು ತಲಿಕೆಳಗಾಗಿ ಒಂದ ಹಂಡ್ಯಾಗ ಬಿದ್ರು. ಹೊರಗ ನಾಕ ಕಾಲು. ಧೋತರ ಅಂತೂ ಎಲ್ಲಿ ಹೋತೋ ಆ ಅಲ್ಲಾನ ಬಲ್ಲ," ಎಂದು ಅವರು ಎರಡು ಕೈಯೆತ್ತಿ ಕಾಲಿನ ಹಾಗೆ ಒದ್ದಾಡಿಸಿದರು. ಅವ್ವ ತನ್ನೆರಡು ಕೈ ಕೂಡಿಸಿದಳು. "ಇವ ಬಿಡು ಅಂತಾನ, ಅವ ನೀ ಮೊದಲ ಬಿಡು ಅಂತಾನ. ಬಿಡಾಕ ಯಾರ ಕೈಯಾಗ ಐತಿ, ಇಬ್ಬರೂ ಸಿಕ್ಕಬಿದ್ದಾರ! ಆವಾಗ ಜಳಕ ಮಾಡೂ ಮುದುಕಿ ಮೈ ಉಜ್ಜೂ ಕಲ್ಲ ತಗೊಂಡು ಬಂದ್ಲು," ಎಂದವಳೇ, ಆ ಮುದುಕಿ ಎಲ್ಲೆಲ್ಲಿ ಉಜ್ಜಿದಳೆಂಬುದನ್ನು ಎಲೆಯ ಬುಟ್ಟಿಯ ಮೇಲೆ ತೋರಿಸಿದಳು. ಅದನ್ನು ನಾನು ಇಲ್ಲಿ ಬರೆಯಲಾರೆ. ನನ್ನನ್ನು ಹೆತ್ತವಳು ಅವಳು. ಉಜ್ಜಿಸಿಕೊಂಡ ಇಬ್ಬರೂ ಹಂಡೆಯೊಳಗೇ ನಗಲು ಶುರು ಮಾಡಿದರಂತೆ. ಹೊರಗೆ ಬರುವ ಹೊತ್ತಿಗೆ ಜಗಳ ಯಾವುದರದೆಂದೇ ಇಬ್ಬರಿಗೂ ನೆನಪಿರಲಿಲ್ಲ.

ಬುಟ್ಟಿಯೊಳಗೆ ಒದ್ದಾಡುವ ನಾಲ್ಕು ಮುದಿ ಕೈಗಳನ್ನು ನೋಡಿ ನಾನು ಗೌಸನನ್ನು ನೋಡಿದೆ, ಅವನು ನನ್ನನ್ನು ನೋಡಿದ. ಆಮೇಲೆ ಇಬ್ಬರೂ ಗೋಡೆ ಹಿಡಿದು ಕೂತೆವು. ಯಾರೂ ತಪ್ಪಾಯಿತು ಎನ್ನಲಿಲ್ಲ. ಮೊದಲು ನಕ್ಕವನು ಯಾರು ಎಂಬ ಬಗ್ಗೆ ಮಾತ್ರ ಹೊಸ ತಕರಾರು ಎದ್ದಿದೆ. ಅವನೇ ಮೊದಲು ನಕ್ಕ, ಇದು ನಿಜ. ಪುಣೆಯ ಲಾರಿಗೆ ಬೇರೆ ಕ್ಲೀನರನನ್ನು ನೋಡಿಕೊಳ್ಳಲು ಹೇಳಿ ಕಳಿಸಿದ್ದೇವೆ.

ಆದ ಕಾರಣ ನನ್ನ ಎಲ್ಲ ಬಿನ್ನಹಗಳನ್ನೂ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಸವಣೂರಿನ ಸಮಸ್ತ ಹೆಂಗಸರ ಪರವಾಗಿ ಒಂದೇ ಬೇಡಿಕೆ. ತಾವು ಎಂದಿನಂತೆ ಏಳುತ್ತಲೇ ಇರಬೇಕು, ಮತ್ತು ಎಲುಬು ಕೂಡಿಸುವವನು ಯಾವನಾದರೂ ಕಿರುಬೆರಳು ನೆಟ್ಟಗೆ ಮಾಡಲು ಬಂದರೆ ಕೂಡಲೇ ಮುಷ್ಟಿ ಕಟ್ಟಬೇಕು. ಪತ್ರವನ್ನು ಕಂಬಕ್ಕೆ ಅಂಟಿಸಿದರೆ ಗುಟ್ಟು ಹೊರಬೀಳುವುದಿಲ್ಲವೇ ಎಂದು ರಹಿಮಾಬಿಯವರನ್ನು ಕೇಳಿದೆ. "ಹಚ್ಚು ಬೇಟಾ. ಕಂಬದಾಗ ಹೆಂಗಸಿನ ಚಿತ್ರ ಇದ್ರ ಗಂಡಸರು ನಿಂತು ನೋಡತಾರ. ಅಕ್ಷರ ಇದ್ರ ಅದರ ಮ್ಯಾಲೆ ಎಲಿ ಉಗುಳಿ ಹೋಗತಾರ," ಎಂದರು.

ಶಿಗ್ಗಾಂವದಲ್ಲಿ ಒದರಬೇಕಾದದ್ದನ್ನು ಈಗಲೇ ಅಂಗಳದಲ್ಲಿ ಒದರಿ ನೋಡಿದ್ದೇವೆ. ಸುಳ್ಳು ಒಂದಕ್ಷರವೂ ಇಲ್ಲ. "ಬರ್ರಿ, ಬರ್ರಿ! ಕತ್ತಲಾದಾಗ ಹೆಂಗಸರಿಗೆ ಒಂದು ಮೂಲಿ ಸಿನೆಮಾ, ಗಂಡಸರಿಗೆ ಪೀರಸಾಬರ ಕೈ!"

ಗೌಸನ ತಾಸೆ ಒಂದು ಪೆಟ್ಟು ಹಿಂದೆ ಬಂದಿತು.